ಹೊಲ ಮಾರಬೇಡಿ, ಲಾವಣಿಗೆ ಹಾಕಿ

(ಸಿನಿಮಾ ಮಾಡಬೇಕು ಅಂತಿರುವ ಕೊಪ್ಪಳದ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಆಡುವಾಗ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ. ಲಾವಣಿಗೆ ಹಾಕುವುದು ಅಂದರೆ ನಮ್ಮ ಕಡೆ ಹೊಲವನ್ನು ಗುತ್ತಿಗೆಗೆ ಕೊಡುವುದು.)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಹಿರಿಯರು "ಊರಿಗೆ ಕಂಪನಿ ಬಂದೈತಿ" ಅಂದರೆ ನಾಟಕದ ಕಂಪನಿ ಬಂದಿದೆ ಅಂತಲೇ ಅರ್ಥ. ನನ್ನ ಅಪ್ಪ ಅಂಥ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರಾಗಿದ್ದರು. ನಾನು ಸಣ್ಣವಳಿದ್ದಾಗ ವರ್ಷದಲ್ಲಿ ಎಷ್ಟೋ ತಿಂಗಳು ಅವರು ಮನೆಯಲ್ಲಿ ಇರುತ್ತಿರಲಿಲ್ಲ. ಬನಶಂಕರಿ ಜಾತ್ರೆಗೆ ಕಂಪನಿ ಹೋದಾಗ ನಾನೂ ಅವ್ವನೂ ಬಾದಾಮಿಗೆ ಹೋಗಿ ಅವರನ್ನು ನೋಡಿಕೊಂಡು ಬರುತ್ತಿದ್ದೆವು. ಅಲ್ಲಿ ಒಂದರ ಪಕ್ಕ ಒಂದು ಕಂಪನಿ ಟೆಂಟ್ ಹಾಕಿರುತ್ತಿದ್ದವು. ರಾತ್ರಿಯಿಡೀ ನಾಟಕ. ಯಾವುದೋ ಒಂದು ನಾಟಕಕ್ಕೆ ಜನ ಬರಲಿಲ್ಲ ಅಂದರೆ ಮಾಲೀಕರು ಎರಡು ದಿನ ಕಾಯುತ್ತಿದ್ದರು. ಮೂರನೇ ದಿನ ಬೋರ್ಡಿನ ಮೇಲೆ ಬೇರೆ ನಾಟಕದ ಹೆಸರು. ಪಾತ್ರಧಾರಿಗಳು ಅವರೇ, ಪರದೆಗಳೂ ಅವೇ. ಎಲ್ಲರಿಗೂ ಹತ್ತಾರು ನಾಟಕದ ಮಾತು ಬಾಯಿಪಾಠ ಇರುತ್ತಿತ್ತು. ಇವತ್ತಿನದು ಬಿದ್ದರೆ ನಾಳೆಗೆ ಗಂಟಿನಲ್ಲಿ ಇನ್ನೊಂದು ಇದೆ ಅನ್ನುವ ಧೈರ್ಯ ಅವರಿಗಿತ್ತು.

ಸಿನಿಮಾ ಕಂಪನಿ ಹೇಗೆ ಬೆಳೆಯುತ್ತೆ ಅಂತ ಮಾತಾಡಲು ನೀವು ನನ್ನನ್ನು ಕರೆದಿದ್ದೀರಿ. ನಾನು ನಾಟಕದ ಗಂಟಿನಿಂದಲೇ ಶುರು ಮಾಡುತ್ತೇನೆ. ನನ್ನ ಎಲ್ಲ ಮಾತೂ ಕೊನೆಗೆ ಅಲ್ಲಿಗೇ ಬರುತ್ತೆ.

ಗುಬ್ಬಿ ಕಂಪನಿಯ ಹೆಸರು ನೀವೆಲ್ಲ ಕೇಳಿದ್ದೀರಿ. ಅದು ಶುರುವಾದದ್ದು 1884ರಲ್ಲಿ. ಹುಡುಗನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಮಾಲೀಕರಾದರು. 1954ರಲ್ಲಿ 'ಬೇಡರ ಕಣ್ಣಪ್ಪ' ಸಿನಿಮಾ ಬಂತು. ಆ ಸಿನಿಮಾ ಮಾಡಿಸಿದ್ದರಲ್ಲಿ ಅದೇ ವೀರಣ್ಣನವರ ಕೈ ಇತ್ತು. ಅದರಲ್ಲಿ ನಾಯಕರಾದ ರಾಜ್‌ಕುಮಾರ್ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಅಲ್ಲಿಯವರೇ. ಸುಮ್ನೆ ಲೆಕ್ಕ ಹಾಕಿ. ಒಂದು ಕಂಪನಿ ಶುರುವಾಗಿ 70 ವರ್ಷಕ್ಕೆ ಕನ್ನಡ ಸಿನಿಮಾಕ್ಕೆ ಇಷ್ಟು ಜನರನ್ನು ಕೊಟ್ಟಿತು. ಹೊಸದಾಗಿ ಯಾರನ್ನೋ ಹುಡುಕಿ ತರಬೇಕಾಗಲಿಲ್ಲ. ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂರುವ ಜನ ಅವರು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆ ಆಡಿಸುವ ಮನೆತನ. ಅಲ್ಲಿ ಮನೆಮಂದಿಯೇ ಕಂಪನಿ. ಗೊಂಬೆಗಳ ಪೆಟ್ಟಿಗೆಯೇ ಬಂಡವಾಳ. ಆ ಪೆಟ್ಟಿಗೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬರುತ್ತೆ. ಕಷ್ಟ ಬಂತು ಅಂತ ಅದನ್ನು ಮಾರಿದರೆ ಮರುದಿನ ಆಟವೇ ಇಲ್ಲ.

ಈಗ ನಮ್ಮ ಕಥೆ ಹೇಳುತ್ತೇನೆ. ನಾವು ನಾಲ್ಕು ಜನ ಸೇರಿ ಕಂಪನಿ ಮಾಡಿದೆವು. ಅದಕ್ಕೂ ಮೊದಲು ಮದುವೆ ವಿಡಿಯೊ, ಶಾಲೆಯ ವಾರ್ಷಿಕೋತ್ಸವ, ಗೃಹಪ್ರವೇಶ ಶೂಟ್ ಮಾಡುತ್ತಿದ್ದೆವು. ಮೊದಲ ದೊಡ್ಡ ಸಿನಿಮಾಕ್ಕೆ ನಮ್ಮ ಉಳಿತಾಯ ಹಾಕಿದೆವು. ಗಂಗಾವತಿಯಲ್ಲಿ ಅಕ್ಕಿ ಗಿರಣಿ ನಡೆಸುವ ನಮ್ಮ ಸೋದರಮಾವ ಸ್ವಲ್ಪ ಕೊಟ್ಟರು. ಎಲ್ಲ ಸೇರಿ 11 ಲಕ್ಷ. ಶೂಟಿಂಗ್ ಮುಗಿಯುವ ಹೊತ್ತಿಗೆ ಅಷ್ಟೂ ಖರ್ಚಾಗಿತ್ತು. ಇದು ನಮ್ಮೊಬ್ಬರ ತಪ್ಪಲ್ಲ, ಹೊಸಬರೆಲ್ಲ ಮಾಡುವ ತಪ್ಪು. ಸಿನಿಮಾ ಅಂದರೆ ಶೂಟಿಂಗ್ ಅಂತ ನಾವು ತಿಳಿದಿದ್ದೆವು. ಎಡಿಟಿಂಗ್ ಇದೆ. ಸೌಂಡ್ ಇದೆ. ದೃಶ್ಯಗಳ ಬಣ್ಣ ಸರಿಮಾಡುವ ಕಲರ್ ಕೆಲಸ ಇದೆ. ಸೆನ್ಸಾರ್ ಇದೆ. ಈಗ ಥಿಯೇಟರಿಗೆ ರೀಲು ಹೋಗುವುದಿಲ್ಲ. ಕ್ಯೂಬ್, ಯುಎಫ್‌ಒ ಥರದ ಡಿಜಿಟಲ್ ವ್ಯವಸ್ಥೆಯ ಮೂಲಕ ಹೋಗುತ್ತೆ. ಪ್ರತಿ ಪರದೆಗೂ ಅದರ ಶುಲ್ಕ ನಿರ್ಮಾಪಕರೇ ಕಟ್ಟಬೇಕು. ಪೋಸ್ಟರ್, ಪ್ರಚಾರ ಬೇರೆ. ನಮ್ಮ ಕೈ ಖಾಲಿ.

ಆಗ ಒಬ್ಬರು ಬಂದರು. ಸಿನಿಮಾದ ಎಲ್ಲ ಹಕ್ಕೂ ಕೊಟ್ಟುಬಿಡಿ, 3 ಲಕ್ಷ ಕೊಡುತ್ತೇನೆ ಅಂದರು. ಟಿವಿ, ಓಟಿಟಿ, ಡಬ್ಬಿಂಗ್, ರೀಮೇಕ್, ಮುಂದೆ ಬರುವ ಯಾವುದೇ ಮಾಧ್ಯಮ, ಎಲ್ಲ. ನಾವು ಸಹಿ ಹಾಕಿದೆವು. ಸಾಲದವರಿಗೆ ಸ್ವಲ್ಪ ತೀರಿಸಿದೆವು. ಎರಡು ವರ್ಷದ ನಂತರ ಸಿಂಧನೂರಿನ ಒಂದು ಕಾಲೇಜಿನವರು ನಿಮ್ಮ ಸಿನಿಮಾ ತೋರಿಸಬೇಕು ಅಂತ ಕೇಳಿದರು. ನಮ್ಮ ಸಿನಿಮಾವನ್ನು ನಾವೇ ತೋರಿಸುವ ಹಾಗಿರಲಿಲ್ಲ. ಅದು ಎಲ್ಲಿಯೂ ಬಿಡುಗಡೆಯಾಗಲಿಲ್ಲ. ಇವತ್ತಿಗೂ ಯಾರದೋ ಹಾರ್ಡ್ ಡಿಸ್ಕಿನಲ್ಲಿ ಮಲಗಿದೆ.

ಅವತ್ತು ಅಪ್ಪನಿಗೆ ಇದನ್ನು ಹೇಳಿದೆ. ಅವರಿಗೆ ಓಟಿಟಿ ಗೊತ್ತಿಲ್ಲ, ಹಕ್ಕು ಗೊತ್ತಿಲ್ಲ. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. "ಕಷ್ಟ ಬಂದ್ರ ಹೊಲ ಲಾವಣಿಗೆ ಹಾಕ್ಬೇಕವ್ವಾ. ನೀವು ಯಾಕ ಮಾರಿಬಿಟ್ರಿ?"

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಆಮೇಲೆ ಕಾನೂನು ಓದಿದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಂದು ಸಿನಿಮಾ ಹೊರಬಂದ ಮರುವರ್ಷದಿಂದ 60 ವರ್ಷ ಅದರ ಹಕ್ಕು ಇರುತ್ತೆ. 60 ವರ್ಷ! ಅಂದರೆ ಇಪ್ಪತ್ತೈದು ವಯಸ್ಸಿನಲ್ಲಿ ನೀವು ಮಾಡಿದ ಸಿನಿಮಾ ನಿಮ್ಮ ಮೊಮ್ಮಕ್ಕಳು ದೊಡ್ಡವರಾಗುವವರೆಗೂ ಬೆಳೆ ಕೊಡುವ ಹೊಲ. ಮಳೆ ಬಂದ ವರ್ಷ ಕೊಡುತ್ತೆ, ಬರದ ವರ್ಷ ಸುಮ್ಮನಿರುತ್ತೆ. ಆದರೆ ಹೊಲ ನಿಮ್ಮದು. ಐದು ವರ್ಷಕ್ಕೆ ಒಬ್ಬರಿಗೆ ಟಿವಿ ಹಕ್ಕು ಕೊಡಿ. ಮೂರು ವರ್ಷಕ್ಕೆ ಇನ್ನೊಬ್ಬರಿಗೆ ಓಟಿಟಿ. ಡಬ್ಬಿಂಗ್ ಬೇರೆಯವರಿಗೆ. ಅವಧಿ ಮುಗಿದರೆ ವಾಪಸ್ ಬರಬೇಕು. ಬೆಲೆ ಕಡಿಮೆ ಬಂದರೂ ಚಿಂತೆಯಿಲ್ಲ, ಅವಧಿ ಬರೆಸಿಕೊಳ್ಳಿ. ಹೀಗೆ ಎರಡು, ಮೂರು, ಐದು ಸಿನಿಮಾ ನಿಮ್ಮ ಹತ್ತಿರ ಉಳಿದರೆ ಅದೇ ನಾಟಕದ ಗಂಟು. ಇವತ್ತಿನದು ಬಿದ್ದರೆ ಹಳೆಯದೊಂದು ಅನ್ನ ಹಾಕುತ್ತೆ.

ಆದರೆ ಇಟ್ಟುಕೊಳ್ಳಲು ಮೊದಲು ಅದು ನಿಮ್ಮದಾಗಿರಬೇಕು, ಅಲ್ವಾ? ಕಥೆ ಬರೆದವರ ಜೊತೆ ಕಾಗದ ಇದೆಯಾ? ಹಾಡು ಮಾಡಿದವರ ಜೊತೆ? ಹಿನ್ನೆಲೆಯಲ್ಲಿ ರೇಡಿಯೊದಲ್ಲಿ ಕೇಳಿಸುವ ಒಂದು ಹಳೇ ಚಿತ್ರಗೀತೆಗೆ ಅನುಮತಿ ಇದೆಯಾ? ಗೆಳೆಯರು ಅಂತ ಬಾಯಿಮಾತಿನಲ್ಲಿ ಬಿಟ್ಟರೆ ಟಿವಿಯವರು ಕಾಗದ ಕೇಳಿದ ದಿನ ಗೆಳೆತನವೂ ಹೋಗುತ್ತೆ, ವ್ಯಾಪಾರವೂ ಹೋಗುತ್ತೆ. ನಮ್ಮ ಒಂದು ಕಿರುಚಿತ್ರ ಹೀಗೇ ನಿಂತಿತು. ಹಾಡು ಮಾಡಿಕೊಟ್ಟವರು ಒಳ್ಳೆಯವರೇ. ತಪ್ಪು ನಮ್ಮದು. ಮೊದಲ ದಿನವೇ ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿದ್ದರೆ ಜಗಳವೇ ಇರುತ್ತಿರಲಿಲ್ಲ.

ಇನ್ನು ಒಂದು ಸಿನಿಮಾದಿಂದ ಇನ್ನೊಂದರವರೆಗೆ ಹೊಟ್ಟೆಪಾಡು. ಇದರ ಬಗ್ಗೆ ನಾನು ಜಾಸ್ತಿ ಹೇಳಬೇಕು.

'ಶಿವಮ್ಮ ಯರೇಹಂಚಿನಾಳ' ನೀವು ನೋಡಿರಬಹುದು. ನಮ್ಮ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಅಲ್ಲಿಯ ಜನರನ್ನೇ ಹಾಕಿಕೊಂಡು ಜೈಶಂಕರ್ ಆರ್ಯರ್ ಮಾಡಿದ ಸಿನಿಮಾ. ಸರ್ಕಾರಿ ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ದುಡ್ಡು ಹಾಕುವ ಕಥೆ. ಶಿವಮ್ಮನ ಪಾತ್ರ ಮಾಡಿದವರು ಶರಣಮ್ಮ ಚೆಟ್ಟಿ. 2022ರ ಅಕ್ಟೋಬರಿನಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಹೊಸ ನಿರ್ದೇಶಕರ ಸಿನಿಮಾಗಳಿಗೆ ಕೊಡುವ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು. ಬಹುಮಾನ 30,000 ಡಾಲರ್. ಸುದ್ದಿ ಕೇಳಿದ ದಿನ ನಾನು ಅತ್ತುಬಿಟ್ಟೆ. ಸಿನಿಮಾದಲ್ಲಿ ನಮ್ಮ ಕಡೆಯ ಮಾತನ್ನು ನಗಿಸಲು ಇಲ್ಲವೇ ಹೆದರಿಸಲು ಬಳಸುವುದನ್ನೇ ನೋಡಿಕೊಂಡು ಬೆಳೆದವಳು ನಾನು. ಅದೇ ಮಾತು ಬುಸಾನ್‌ನಲ್ಲಿ ಒಬ್ಬ ಹೆಂಗಸಿನ ಬದುಕು ಹೇಳಿತು.

ಆದರೆ ಕಂಪನಿ ಕಟ್ಟುವವರು ಇನ್ನೊಂದು ದಿನಾಂಕವನ್ನೂ ನೋಡಬೇಕು. ಆ ಸಿನಿಮಾ ನಮ್ಮ ಥಿಯೇಟರುಗಳಿಗೆ ಬಂದದ್ದು 2024ರ ಜೂನ್‌ನಲ್ಲಿ. ಪ್ರಶಸ್ತಿಗೂ ಬಿಡುಗಡೆಗೂ ನಡುವೆ 20 ತಿಂಗಳು. ಪ್ರಶಸ್ತಿ ಬಂದ ಸಿನಿಮಾಕ್ಕೇ ಇಷ್ಟು ಕಾಲ. ಆ ತಿಂಗಳುಗಳಲ್ಲಿ ಆಫೀಸಿನ ಬಾಡಿಗೆ ಯಾರು ಕಟ್ಟಬೇಕು? ಎಡಿಟರ್ ಮನೆಗೆ ರೇಷನ್ ಹೇಗೆ ಹೋಗಬೇಕು?

ಆ ಸಿನಿಮಾವನ್ನು ನಿರ್ಮಿಸಿದ್ದು ರಿಷಬ್ ಶೆಟ್ಟಿ ಫಿಲ್ಮ್ಸ್. ಆ ಬ್ಯಾನರಿನ ಹೆಜ್ಜೆಗಳನ್ನು ನಾನು ಹೊರಗಿನಿಂದ ನೋಡಿ ಕಲಿತಿದ್ದೇನೆ. 2018ರಲ್ಲಿ ಕಾಸರಗೋಡಿನ ಕನ್ನಡ ಶಾಲೆಯ ಕಥೆಯ ಸಿನಿಮಾ ಮಾಡಿದರು. ಜನ ತುಂಬಿಕೊಂಡು ನೋಡಿದರು. ಅದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಆಮೇಲೆ ಅದೇ ಬ್ಯಾನರ್ ನಟೇಶ್ ಹೆಗಡೆಯವರ 'ಪೆದ್ರೊ' ಮಾಡಿತು. ಅದು 2021ರಲ್ಲಿ ಬುಸಾನ್‌ಗೆ ಹೋಯಿತು. ಮರುವರ್ಷ ಶಿವಮ್ಮ. 2025ರಲ್ಲಿ ನಟೇಶ್ ಅವರ 'ವಾಘಾಚಿಪಾಣಿ' ಬರ್ಲಿನ್ ಉತ್ಸವದಲ್ಲಿತ್ತು. ಜನ ನೋಡುವ ಸಿನಿಮಾದಿಂದ ಬಂದ ಹೆಸರು ಇನ್ನೊಬ್ಬ ಹೊಸಬರ ಸಿನಿಮಾಕ್ಕೆ ಬೆನ್ನಾಗಿ ನಿಂತಿತು. ಹೊಸಬರ ಸಿನಿಮಾ ಬ್ಯಾನರಿಗೆ ಬೇರೆ ಥರದ ಗೌರವ ತಂದಿತು. ಒಂದು ಹೊಲದಲ್ಲಿ ಹತ್ತಿ, ಇನ್ನೊಂದರಲ್ಲಿ ಜೋಳ. ಹತ್ತಿ ಮಾರಲು, ಜೋಳ ಮನೆಗೆ. ನಮ್ಮ ರೈತರು ಹೀಗೇ ತಾನೆ ಮಾಡುವುದು?

ನಮ್ಮಂಥ ಸಣ್ಣವರಿಗೆ ಹತ್ತಿ ಯಾವುದು? ನಾನು ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಿಂದ ಕಲಿತೆ. ಅಲ್ಲಿ ಸಣ್ಣ ಯೂನಿಟ್‌ನವರು ದೊಡ್ಡವರ ಬಟ್ಟೆ ತಂದು ಹೊಲಿದುಕೊಡುತ್ತಾರೆ. ಅದು ಜಾಬ್ ವರ್ಕ್. ವಾರಕ್ಕೆ ಕೂಲಿ ಬರುತ್ತೆ, ಮಷಿನ್ ಓಡುತ್ತೆ, ಕೈಗೆ ಕೆಲಸ ಮರೆಯುವುದಿಲ್ಲ. ನಾವೂ ಅದನ್ನೇ ಮಾಡುತ್ತೇವೆ. ಆನೆಗೊಂದಿ, ಸಣಾಪುರ, ಹಂಪಿ ಕಡೆ ಬೆಂಗಳೂರು, ಹೈದರಾಬಾದ್‌ನಿಂದ ಶೂಟಿಂಗ್ ತಂಡಗಳು ಬರುತ್ತವೆ. ಅವರಿಗೆ ಲಾಡ್ಜ್, ಗಾಡಿ, ಜನರೇಟರ್, ಊಟ, ಜೂನಿಯರ್ ಕಲಾವಿದರು ಬೇಕು. ಹಂಪಿಯ ಸ್ಮಾರಕದಲ್ಲಿ ಕ್ಯಾಮೆರಾ ಇಡಬೇಕಾದರೆ ಭಾರತೀಯ ಪುರಾತತ್ವ ಇಲಾಖೆಯ ಅನುಮತಿ ಬೇಕು. ಆ ಅರ್ಜಿ ಹೇಗೆ ಹಾಕಬೇಕು, ಎಷ್ಟು ದಿನ ಮೊದಲೇ ಓಡಾಡಬೇಕು ಅನ್ನುವುದು ಇಲ್ಲಿಯವರಿಗೆ ಗೊತ್ತಿರುತ್ತೆ. ಇದನ್ನು ಲೈನ್ ಪ್ರೊಡಕ್ಷನ್ ಅಂತಾರೆ. ಜೊತೆಗೆ ಬೀಜದ ಅಂಗಡಿಗಳ ಜಾಹೀರಾತು, ಸಂಘ ಸಂಸ್ಥೆಗಳ ಸಾಕ್ಷ್ಯಚಿತ್ರ. ಮದುವೆ ವಿಡಿಯೊ ನಾವು ಇವತ್ತಿಗೂ ಬಿಟ್ಟಿಲ್ಲ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಬೆಳಕು ಓಡುವಾಗ ಅದರ ಹಿಂದೆ ಓಡುವುದನ್ನು ನನಗೆ ಮದುವೆಗಳೇ ಕಲಿಸಿದ್ದು. ಇಂಥ ಕೆಲಸದ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಮೊದಲೇ ಒಬ್ಬ ಒಳ್ಳೆಯ ಆಡಿಟರ್ ಹಿಡಿಯಿರಿ.

ಜಾಬ್ ವರ್ಕಿನಲ್ಲಿ ಒಂದು ಅಪಾಯ ಇದೆ. ಅದೇ ಅಭ್ಯಾಸವಾಗಿ ನಮ್ಮ ಸಿನಿಮಾ ಹಿಂದೆ ಬೀಳುತ್ತೆ. ನಮಗೂ ಒಂದು ವರ್ಷ ಹೀಗಾಯಿತು. ಅದಕ್ಕೇ ಈಗ ವರ್ಷದಲ್ಲಿ ಎರಡು ತಿಂಗಳು ಹೊರಗಿನ ಯಾವ ಕೆಲಸವನ್ನೂ ಒಪ್ಪುವುದಿಲ್ಲ. ಎಷ್ಟೇ ದೊಡ್ಡ ಮೊತ್ತ ಇರಲಿ.

ದುಡ್ಡು ಕೂಡಿಸುವ ಇನ್ನೊಂದು ದಾರಿ ಜನರಿಂದ ಎತ್ತುವುದು. 2013ರ 'ಲೂಸಿಯಾ'ಗೆ ಪವನ್ ಕುಮಾರ್ ಹೀಗೆ ಪ್ರೇಕ್ಷಕರಿಂದಲೇ ದುಡ್ಡು ಎತ್ತಿದರು. 2023ರಲ್ಲಿ 'ಡೇರ್‌ಡೆವಿಲ್ ಮುಸ್ತಾಫಾ'ಗೆ ಪೂರ್ಣಚಂದ್ರ ತೇಜಸ್ವಿಯವರ ಓದುಗರು ಕೈಜೋಡಿಸಿದರು. ಇದು ಆಗುವ ಕೆಲಸವೇ. ಆದರೆ ನಮ್ಮ ಊರುಗಳಲ್ಲಿ ದುಡ್ಡು ಕೊಟ್ಟವರು ದಿನಾ ಬೆಳಿಗ್ಗೆ ಚಹಾದಂಗಡಿಯಲ್ಲಿ ಎದುರು ಸಿಗುತ್ತಾರೆ. ಅವರ ಕಣ್ಣು ತಪ್ಪಿಸಿ ಬದುಕಲು ಆಗುವುದಿಲ್ಲ. ಹಾಗಾಗಿ ನಾವು ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಸಿನಿಮಾ ಮುಗಿದ ಮೇಲೆ ದುಡ್ಡು ಹಾಕಿದವರನ್ನು, ಕೆಲಸ ಮಾಡಿದವರನ್ನು ಮನೆಯ ಅಂಗಳದಲ್ಲಿ ಕೂರಿಸಿ ಲೆಕ್ಕ ಓದುತ್ತೇವೆ. ಡೀಸೆಲ್‌ಗೆ ಎಷ್ಟು, ಮಂಡಕ್ಕಿ ಮಿರ್ಚಿಗೆ ಎಷ್ಟು, ಎಲ್ಲ. ನಷ್ಟ ಆದ ವರ್ಷವೂ ಓದಿದೆವು. ಆ ದಿನ ನನ್ನ ಗಂಟಲು ಕಟ್ಟಿತ್ತು. ಲೆಕ್ಕ ಕೇಳಿದ ಮೇಲೆ ಗಂಗಾವತಿ ಮಾವ "ಮುಂದಿಂದು ಯಾವಾಗ?" ಅಂತ ಕೇಳಿದರು. ಲೆಕ್ಕ ಮುಚ್ಚಿಟ್ಟಿದ್ದರೆ ಅವರು ಹಾಗೆ ಕೇಳುತ್ತಿರಲಿಲ್ಲ.

ಪಗಾರದ ವಿಷಯಕ್ಕೆ ಬರುತ್ತೇನೆ. ಹಳ್ಳಿಯ ಜನರನ್ನು ಹಾಕಿ ಸಿನಿಮಾ ಮಾಡಿದರೆ ಖರ್ಚು ಕಡಿಮೆ ಅಂತ ಕೆಲವರು ನನ್ನ ಹತ್ತಿರ ಹೇಳುತ್ತಾರೆ. ಹಾಗೆ ಯೋಚಿಸುವವರು ದಯವಿಟ್ಟು ಹಳ್ಳಿಗೆ ಹೋಗಬೇಡಿ. ನಮ್ಮ ಎರಡನೇ ಸಿನಿಮಾಕ್ಕೆ ಒಬ್ಬ ಅಜ್ಜಿಯನ್ನು ಕೇಳಲು ಹೋಗಿದ್ದೆ. ಮಾತಿನಲ್ಲಿ ಎಂಥ ಬನಿ ಅಂತೀರಿ. ಕ್ಯಾಮೆರಾ ಇದ್ದರೂ ಇಲ್ಲದಿದ್ದರೂ ಅದೇ ಮುಖ. ಅವರು ಕೇಳಿದ್ದು ಇಷ್ಟು: "ಯವ್ವಾ, ನಾ ಮುಂಜಾನೆ ಕಳೆ ತಗ್ಯಾಕ ಹೊಕ್ಕೀನಿ. ನಿನ್ನ ಸಿನಿಮಾಕ್ಕ ಬಂದ್ರ ಆ ಪಗಾರ ಯಾರು ಕೊಡ್ತಾರ?" ನ್ಯಾಯವಾದ ಪ್ರಶ್ನೆ. ಅವತ್ತಿನಿಂದ ನಮ್ಮಲ್ಲಿ ಒಂದು ನಿಯಮ ಇದೆ. ಹೊಲದ ಕೂಲಿಗಿಂತ ಜಾಸ್ತಿ ಕೊಡಬೇಕು. ಅವತ್ತಿನದು ಅವತ್ತೇ ಸಂಜೆ ಕೈಗೆ ಸೇರಬೇಕು. ಕಾಗದ ಮಾಡಿದರೆ ಅದನ್ನು ಅವರ ಮನೆಯವರ ಮುಂದೆ ಜೋರಾಗಿ ಓದಿ ಹೇಳಬೇಕು. ಸಿನಿಮಾ ದುಡಿದರೆ ಅದರಲ್ಲಿ ಅವರಿಗೂ ಪಾಲಿದೆ ಅಂತ ಬರೆದಿರಬೇಕು.

ಶೂಟಿಂಗ್ ಯಾವಾಗ ಅನ್ನುವುದನ್ನೂ ಊರೇ ಹೇಳುತ್ತೆ. ಏಪ್ರಿಲ್, ಮೇನಲ್ಲಿ ರಾಯಚೂರು ಕಡೆ ಬಿಸಿಲು 40 ಡಿಗ್ರಿ ದಾಟುತ್ತೆ. ಕ್ಯಾಮೆರಾ ಬಿಸಿಯಾಗಿ ತಾನೇ ಬಂದ್ ಆಗುತ್ತೆ. ಬೆಳಿಗ್ಗೆ ಆರರಿಂದ ಹತ್ತು, ಆಮೇಲೆ ಸಂಜೆ ಎರಡು ತಾಸು, ಅಷ್ಟೇ ಸಿಗುವುದು. ಚಳಿಗಾಲದ ಬೆಳಕು ಚೆಂದ. ಆದರೆ ಎಳ್ಳಮಾವಾಸ್ಯೆ ಮುಗಿದು ಹಿಂಗಾರಿ ಜೋಳದ ಕೊಯ್ಲು ಶುರುವಾದರೆ ಊರಲ್ಲಿ ಯಾರೂ ಸಿಗುವುದಿಲ್ಲ. ಕಾಲುವೆ ನೀರಿನ ಊರುಗಳಲ್ಲಿ ಭತ್ತದ ಲೆಕ್ಕ ಬೇರೆ. ಬೆಂಗಳೂರಿನಿಂದ ಬರುವ ತಂಡಕ್ಕೆ ಇದು ಅಡ್ಡಿ. ಇಲ್ಲಿಯ ಕಂಪನಿಗೆ ಇದು ಮೊದಲೇ ಗೊತ್ತಿರುವ ಪಂಚಾಂಗ.

ಪ್ರೇಕ್ಷಕರ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ಇತಿಹಾಸ ಇದೆ. ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ತೆಲುಗು ಸಿನಿಮಾ ನಮಗೆ ನೆರೆಮನೆಯ ಊಟ ಇದ್ದ ಹಾಗೆ. ಅದರ ಜೊತೆ ಜಗಳ ಬೇಡ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಸೌಂಡ್ ಕೆಲಸಕ್ಕೆ ಅಲ್ಲಿಗೆ ಹೋಗಿ ಬನ್ನಿ. ಆದರೆ ದೊಡ್ಡ ತೆಲುಗು ಸಿನಿಮಾ ಬಂದ ಶುಕ್ರವಾರ ನಿಮ್ಮ ಸಣ್ಣ ಸಿನಿಮಾಕ್ಕೆ ಬೆಳಗಿನ ಒಂದು ಶೋ ಸಿಕ್ಕರೆ ದೊಡ್ಡದು. ಎರಡನೇ ಸಿನಿಮಾದ ಹೊತ್ತಿಗೆ ನಮಗೆ ಇದು ಅರ್ಥವಾಗಿತ್ತು. ಹಕ್ಕು ನಮ್ಮ ಹತ್ತಿರವೇ ಇತ್ತು. ಹಾಗಾಗಿ ಅಪ್ಪನ ಕಂಪನಿಯ ಹಾಗೆ ಮುಕ್ಕಾಂ ಮಾಡಿದೆವು. ಪ್ರೊಜೆಕ್ಟರ್, ಪರದೆ, ಎರಡು ಸ್ಪೀಕರ್ ಗಾಡಿಗೆ ಹಾಕಿಕೊಂಡು ಕುಷ್ಟಗಿ, ಯಲಬುರ್ಗಾ, ಮಸ್ಕಿ, ಲಿಂಗಸುಗೂರು, ಸಂಡೂರು ಸುತ್ತಿದೆವು. ಕಾಲೇಜು, ಸಮುದಾಯ ಭವನ, ಎಪಿಎಂಸಿ ಅಂಗಳ. ಹೀಗೆ ಸಾರ್ವಜನಿಕವಾಗಿ ತೋರಿಸಲೂ ಸೆನ್ಸಾರ್ ಪ್ರಮಾಣಪತ್ರ ಬೇಕು, ಮರೆಯಬೇಡಿ. ಟಿಕೆಟ್ ಸಣ್ಣದು. ಆದರೆ ಸಿನಿಮಾ ಮುಗಿದ ಮೇಲೆ ಜನ ಎದ್ದು ಹೋಗುತ್ತಿರಲಿಲ್ಲ. ಕೂತು ಮಾತಾಡುತ್ತಿದ್ದರು. ಮಸ್ಕಿಯಲ್ಲಿ ಒಬ್ಬ ಹೆಣ್ಣುಮಗಳು ಬಂದು ನಾನು ಎಡಿಟಿಂಗ್ ಕಲಿಯಬೇಕು ಅಂದಳು. ಈಗ ನಮ್ಮ ಎಡಿಟರ್ ಅವಳೇ.

ಮಾತು ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: "ಅಕ್ಕಾರ, ಆಫೀಸು ಬೆಂಗಳೂರಾಗ ಮಾಡಬೇಕೋ ಇಲ್ಲೇ ಮಾಡಬೇಕೋ?" ನಾನು ಹೇಳಿದೆ: ಸೆನ್ಸಾರ್‌ಗೆ ಬೆಂಗಳೂರಿಗೆ ಹೋಗು, ಚಲನಚಿತ್ರ ವಾಣಿಜ್ಯ ಮಂಡಳಿಯ ಕೆಲಸಕ್ಕೆ ಹೋಗು, ಸಿನಿಮಾ ನೋಡಲು ಹೋಗು. ಬಾಡಿಗೆ ಕಟ್ಟುವುದು ಇಲ್ಲೇ. ಅಲ್ಲಿಯ ಒಂದು ತಿಂಗಳ ಬಾಡಿಗೆಯಲ್ಲಿ ಇಲ್ಲಿ ಎಷ್ಟೋ ತಿಂಗಳು ತಡೆದು ನಿಲ್ಲಬಹುದು. ನೀನು ಬರೆಯುವ ಮಾತು ನಿನ್ನ ಕಿವಿಗೆ ದಿನಾ ಬೀಳುವುದೂ ಇಲ್ಲೇ.

ಇನ್ನೊಬ್ಬಳು ಮುಂದಿನ ಸಿನಿಮಾ ಯಾವಾಗ ಅಂತ ಕೇಳಿದಳು. ಕಥೆ ಸಿದ್ಧ ಇದೆ. ಕಥೆ ಬರೆದವರ ಜೊತೆ ಕಾಗದವೂ ಆಗಿದೆ. ಹೋದ ವಾರ ಅದೇ ಅಜ್ಜಿಯ ಮನೆಗೆ ಹೋಗಿದ್ದೆವು. ಜನವರಿ ಕೊನೆಗೆ ಶುರು ಮಾಡೋಣ ಅಂತ ನಮ್ಮ ಲೆಕ್ಕ. ಅವರು ರೊಟ್ಟಿ ಬಡಿಯುತ್ತಲೇ ತಲೆ ಅಲ್ಲಾಡಿಸಿದರು. "ಜ್ವಾಳ ಮನಿಗೆ ಬರ್ಲಿ. ಆಮ್ಯಾಲೆ ನಿಮ್ದು." ಅದಕ್ಕೇ ಫೆಬ್ರವರಿ ಕೊನೆಯ ವಾರಕ್ಕೆ ಇಟ್ಟಿದ್ದೇವೆ.